ಒದ್ದೆ ಕುಂಚದ ಪಾಠ

ಬೋರ್ಡು ಬರೆಯುವ ಪೇಂಟರ್ ಅಜ್ಜನಿಗೆ ಅರವತ್ತೆಂಟು ವರ್ಷ. ಅಂಗಡಿಯವರೆಲ್ಲ ಫ್ಲೆಕ್ಸ್ ಹಾಕಿಸತೊಡಗಿದ ಮೇಲೆ ಅವರ ಕುಂಚಗಳು ಡಬ್ಬಿ ಸೇರಿದ್ದವು. ಸೊಸೆ ಎರಡನೇ ತರಗತಿಯ ಟೀಚರು. ಒಂದು ಸಂಜೆ ಉಕ್ತಲೇಖನ ತಿದ್ದುತ್ತಿದ್ದವಳು ತಲೆ ಚಚ್ಚಿಕೊಂಡಳು.

"ನೋಡಿ ಮಾವ, ಮೂವತ್ತೆರಡು ಮಕ್ಕಳು. 'ಮಧ್ಯಾಹ್ನ' ಸರಿಯಾಗಿ ಬರೆದವರು ಒಬ್ಬರೂ ಇಲ್ಲ!"

ಅಜ್ಜ ನಕ್ಕರು. "ಬೈಬೇಡಮ್ಮ. ನಾನೇ ಒಂದ್ಸಲ ಹೋಟೆಲ್ ಬೋರ್ಡಲ್ಲಿ 'ಮದ್ಯಾನದ ಊಟ' ಅಂತ ಬರೆದಿದ್ದೆ. ಊಟದ ಜೊತೆ ಏನೇನು ಸಿಗುತ್ತೆ ಅಂತ ಕೇಳೋಕೆ ಕುಡುಕರೆಲ್ಲ ಬಂದ್ಬಿಟ್ರು. ಹೋಟೆಲಿನವನು ನನ್ನ ಏಣಿ ಸಮೇತ ಓಡಿಸಿದ. ಆಮೇಲೇ ನಾನು ಕಾಗುಣಿತ ಕಲ್ತಿದ್ದು."

ಮರುದಿನ ಅವರು ಕುಂಚದ ಡಬ್ಬಿ, ಒಂದು ಬಕೆಟ್ ನೀರು ಹಿಡಿದು ಶಾಲೆಯ ಜಗಲಿಯಲ್ಲಿ ಕೂತರು. ಮಕ್ಕಳು ಕಪ್ಪು ಕಲ್ಲಿನ ನೆಲದ ಮೇಲೆ ನೀರಿನಲ್ಲಿ ಬರೆಯಬೇಕು. ತಪ್ಪಾದರೆ ಅಳಿಸುವ ಗೋಜಿಲ್ಲ, ತಾನಾಗಿ ಒಣಗುತ್ತದೆ. ಕೆಂಪು ಶಾಯಿಯೂ ಇಲ್ಲ.

"ಬಾಯಿ ಮುಂದೆ ಅಂಗೈ ಹಿಡಿದು 'ಧ' ಅನ್ನಿ. ಉಸಿರು ತಾಗ್ತಾ? ಹಾಗಾದ್ರೆ ಹೊಟ್ಟೆ ಸೀಳಿ. ಇನ್ನು 'ಹ' ಮೊದಲು ಬಂದಿದೆ, ಅದಕ್ಕೇ ಮೇಲೆ ಕೂತಿದೆ. 'ನ' ತಡವಾಗಿ ಬಂತು, ಕೆಳಗೆ ಜಾಗ ಕೊಡಿ."

ಮಕ್ಕಳು ಬಿದ್ದೂ ಬಿದ್ದೂ ನಕ್ಕು ಬರೆದರು. ಟೈಲರಮ್ಮನ ಮಗಳು ಮಾತ್ರ ಕುಂಚ ಮುಟ್ಟಲಿಲ್ಲ. ಅವಳ ಪುಸ್ತಕದ ತುಂಬ ಕೆಂಪು ಗೀಟುಗಳಿದ್ದವು. ಅಜ್ಜ ಒತ್ತಾಯಿಸಲಿಲ್ಲ. ಅವಳ ಮುಂದೊಂದು ಕುಂಚ ಇಟ್ಟು ಬೆನ್ನು ತಿರುಗಿಸಿ ಕೂತರು.

"ನಾನು ನೋಡಲ್ಲ ಪುಟ್ಟಿ. ನೋಡಬೇಕು ಅನ್ನಿಸಿದ್ರೆ ನೀನೇ ಕರಿ."

ಏಳು ದಿನ ಅವಳು ಕರೆಯಲಿಲ್ಲ. ಎಂಟನೆಯ ದಿನ ಜಗಲಿಯೇ ಬೆಚ್ಚಿಬೀಳುವಂತೆ ಕೂಗು ಕೇಳಿತು. "ಅಜ್ಜಾ, ಬೇಗ ನೋಡಿ, ಒಣಗ್ತಾ ಇದೆ!"

ಅಜ್ಜ ತಿರುಗಿದರು. ಮಾಸುತ್ತಿದ್ದ ನೀರಿನಲ್ಲಿ 'ವಿದ್ಯಾರ್ಥಿ' ಎಂದಿತ್ತು. ಒತ್ತು, ಅರ್ಕಾವತ್ತು, ಎಲ್ಲವೂ ತಂತಮ್ಮ ಜಾಗದಲ್ಲಿ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಮೂರು ತಿಂಗಳಾದ ಮೇಲೆ ಟೈಲರಮ್ಮ ಮನೆ ಹುಡುಕಿಕೊಂಡು ಬಂದಳು.

"ಅಂಗಡಿ ಬಾಗಿಲಲ್ಲಿ ನಾನು ಬರೆದಿದ್ದು ಮೂರೇ ಸಾಲು, ಯಜಮಾನ್ರೇ. ನನ್ನ ಮಗಳು ನಾಲ್ಕು ತಪ್ಪು ಹಿಡಿದ್ಲು! ಸ್ಟೂಲ್ ಹತ್ತಿ ಎಲ್ಲಾ ಅವಳೇ ಹೊಸದಾಗಿ ಬರೆದ್ಲು."

ಅಜ್ಜ ಚಪ್ಪಲಿ ಮೆಟ್ಟಿ ಅವಳೊಂದಿಗೇ ಹೊರಟರು. ಅಕ್ಷರಗಳು ಸೊಟ್ಟಗಿದ್ದವು, ಆದರೆ ತಪ್ಪು ಒಂದೂ ಇರಲಿಲ್ಲ. ಬಟ್ಟೆ ಕೊಡಲು ಬಂದವರನ್ನೆಲ್ಲ ಬಾಗಿಲಲ್ಲೇ ತಡೆದು ಅಜ್ಜ ಹೇಳತೊಡಗಿದರು: "ಮೊದಲು ಇದನ್ನ ಓದಿ, ಆಮೇಲೆ ಒಳಗೆ ಹೋಗಿ. ನಮ್ಮ ಹುಡುಗಿ ಬರೆದಿದ್ದು!"