ಮಂಗಲದ ದಿನ ರಿಮೋಟ್ ಬಿಚ್ಚಿದ್ದು

ಜಿಡಗಾ ಕಡೆಯ ಕಬ್ಬಿನ ಹೊಲವೊಂದರಲ್ಲಿ ಬೋರಿನ ಪೈಪು ಎತ್ತಿ, ಸುಟ್ಟ ಮೋಟಾರ್ ಬದಲಿಸಿ, ಮತ್ತೆ ಇಳಿಸಿ ನಮ್ಮೂರು ನರೋಣಾಕ್ಕೆ ಬರುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಭುಜ ಮೇಲೆ ಏಳುತ್ತಿರಲಿಲ್ಲ. ಎರಡು ರೊಟ್ಟಿ ತಿಂದು ಕಾಲು ಚಾಚಬೇಕು ಎನ್ನುವುದೊಂದೇ ಆಸೆ. ಆದರೆ ಹೊಸ್ತಿಲಲ್ಲೇ ಹೆಂಡತಿ ನಿಂತಿದ್ದಳು. ಅವಳ ಕೈಯಲ್ಲಿ ನೀರಿನ ಚರಿಗೆಯ ಬದಲು ಟಿವಿಗೆ ಜೋಡಿಸಿದ ಪೆಟ್ಟಿಗೆಯ ರಿಮೋಟ್ ಇತ್ತು.

"ಮುಂಜಾನಿಂದ ಹಿಂಗ ಮಾಡಾಕತ್ತದರಿ. ಪುರಾಣ ಹಚ್ಚಿದ್ರ ಒಂದ್ ಗಳಿಗಿ ನಿಂದರವಲ್ದು. ತಾನ ಹೊರಗ ಬಂದು ಬಿಡ್ತದ."

ಅಂದು ಪುರಾಣದ ಮಂಗಲ. ಶ್ರಾವಣ ಮಾಸವಿಡೀ ನಮ್ಮ ಕಡೆಯ ಮಠದಲ್ಲಿ ಶರಣರು ಪುರಾಣ ಹೇಳುತ್ತಾರೆ. ಕೊನೆಯ ದಿನ ಮಂಗಲ ಮಾಡಿ, ಬಂದವರಿಗೆಲ್ಲ ಪ್ರಸಾದ ಬಡಿಸುತ್ತಾರೆ. ಅವ್ವ ಆ ದಿನ ಮಂಗಲ ಕೇಳಿ, ಅಲ್ಲಿಯ ಸಾಲಿನಲ್ಲಿ ಕೂತು ಉಣ್ಣುವ ತನಕ ಹನಿ ನೀರೂ ಮುಟ್ಟುವವಳಲ್ಲ. ಈ ಸಲ ಯುಗಾದಿ ಹೊತ್ತಿಗೆ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಗಾಡಿ ಹತ್ತಿಸಬೇಡಿ ಎಂದು ಡಾಕ್ಟರು ಹೇಳಿದರು. ಅದಕ್ಕಾಗಿಯೇ ಹಳೆಯ ಟಿವಿಗೆ ಇಂಟರ್ನೆಟ್ಟಿನ ಈ ಸಣ್ಣ ಪೆಟ್ಟಿಗೆ ತಂದು ಜೋಡಿಸಿದ್ದೆ. ತಿಂಗಳಿಡೀ ಅವ್ವ ಮಂಚದ ಮೇಲೆ ತಲೆತುಂಬ ಸೆರಗು ಹೊದ್ದು, ಟಿವಿಗೆ ಕೈಮುಗಿದು ಪುರಾಣ ಕೇಳಿದಳು. ಈಗ ಕೊನೆಯ ದಿನವೇ ಅದು ಕೈಕೊಟ್ಟಿತ್ತು. ಉಪವಾಸ ಮಾತ್ರ ನಡೆದೇ ಇತ್ತು. ಊಟದ ಜೊತೆ ನುಂಗಬೇಕಾದ ಸಕ್ಕರೆ ರೋಗದ ಗುಳಿಗೆ ತಲೆದಿಂಬಿನ ಬದಿಗೆ ಹಾಗೇ ಬಿದ್ದಿತ್ತು. ಅವಳ ಬೆರಳು ನಡುಗುತ್ತಿದ್ದವು.

"ನನ್ನ ಫೋನಿನಾಗ ಹಚ್ಚಿ ಕೊಡ್ತೇನಿ, ಕೇಳಬೇ," ಎಂದೆ.

"ಬ್ಯಾಡೋ ಮಾರಾಯ. ಆವತ್ತ ಅದರಾಗ ಕೇಳೀನಲ್ಲ. ಶರಣರು ಬಾಯಿ ತೆರದ್ರು, ನಡುವ ಯಾವನೋ ಬಂದು 'ಮೋಟಾರ್ ನೀರ ಎತ್ತವಲ್ದರಿ' ಅಂದ."

ಅದೂ ಸುಳ್ಳಲ್ಲ. ನನ್ನ ಫೋನು ಸುಮ್ಮನಿದ್ದರೆ ನನ್ನ ಹೊಟ್ಟೆ ತುಂಬುವುದಿಲ್ಲ.

ಕೂತೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ಸುತ್ತಲಿನ ಹೊಲಗಳಲ್ಲಿ ನಾನು ತಂತಿ ಸುತ್ತಿದ ಮೋಟಾರುಗಳು ನೀರೆತ್ತುತ್ತಿವೆ. 'ನನ್ನಿಂದ ಆಗದು' ಎಂದು ಯಾರ ಕೆಲಸವನ್ನೂ ತಿರುಗಿ ಕಳಿಸಿದವನಲ್ಲ. ಮೋಟಾರಿನ ರೋಗ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ಸುಟ್ಟರೆ ವಾಸನೆ ಬರುತ್ತದೆ, ಬೇರಿಂಗ್ ಹೋದರೆ ಗುರುಗುಡುತ್ತದೆ, ಮೈ ಮುಟ್ಟಿದರೆ ಬಿಸಿ ಹತ್ತುತ್ತದೆ. ಈ ಪೆಟ್ಟಿಗೆಗೆ ವಾಸನೆಯೂ ಇಲ್ಲ, ಸಪ್ಪಳವೂ ಇಲ್ಲ. ಮುಟ್ಟಿದರೆ ಮಲಗಿದ ಕೂಸಿನ ಹಾಗೆ ಬೆಚ್ಚಗಿತ್ತು. ಎಲ್ಲಿಂದ ಹಿಡಿಯುವುದು?

ಪುರಾಣ ಹಚ್ಚಿದೆ. ಮಠದ ಮಂಟಪ ಕಂಡಿತು, ತಬಲಾ ಕೇಳಿಸಿತು. ಅವ್ವ ಕೈ ಜೋಡಿಸಿದಳು. ಅಷ್ಟರಲ್ಲಿ ಎಲ್ಲವೂ ಮಾಯವಾಗಿ ಸಿನಿಮಾಗಳ ಚಿತ್ರ ತುಂಬಿದ ಮೊದಲ ಪುಟ ಬಂತು. ಯಾರೋ ನಾಯಕಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವ್ವ ಅವಳಿಗೇ ಕೈಮುಗಿದ ಹಾಗಾಯಿತು.

"ಯವ್ವಾ, ಮತ್ತ ಬಂದಳೇನು ಈಕಿ!" ಎಂದು ಅವ್ವ ಕೈ ಇಳಿಸಿದಳು.

ವೈರು ಕಿತ್ತು ಮತ್ತೆ ಹಾಕಿದೆ. ಗೋಡೆಯ ಮೇಲಿನ ಇಂಟರ್ನೆಟ್ ಡಬ್ಬಿ ಆರಿಸಿ ಹಚ್ಚಿದೆ. ಪೆಟ್ಟಿಗೆಯನ್ನು ಟಿವಿಯ ಇನ್ನೊಂದು ತೂತಿಗೆ ಸಿಕ್ಕಿಸಿದೆ. ಪ್ರತಿ ಸಲವೂ ಮಂಟಪ ಕಾಣುವುದು, ನಾಯಕಿ ಬರುವುದು.

ಹೆಂಡತಿ ಬಾಗಿಲಿಗೆ ಒರಗಿ, "ಊರ ಮೋಟಾರೆಲ್ಲ ಕುಣಸೋರು, ಇದೊಂದು ಪೆಟಗಿ ಮುಂದ ಕುಂತುಬಿಟ್ರಲ್ಲ," ಎಂದಳು.

ಬೇರೆ ದಿನವಾಗಿದ್ದರೆ ಎದುರು ಮಾತಾಡುತ್ತಿದ್ದೆ. ಮಾತಾಡಲೂ ಶಕ್ತಿ ಬೇಕು.

ಕಲಬುರಗಿಯ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುವ ಮಗಳಿಗೆ ಫೋನ್ ಹಚ್ಚಿದೆ. ಮಗಳನ್ನು ಕೇಳುವುದಕ್ಕೂ ಮನಸ್ಸು ಹಿಂದೆಗೆಯಿತು. ಆದರೆ ಅವ್ವನ ನಡುಗುವ ಬೆರಳು ಕಾಣುತ್ತಿತ್ತಲ್ಲ.

"ಅಪ್ಪಾ, ಪೆಟಗಿ ಬಿಡು. ರಿಮೋಟಿನ ಸೆಲ್ ತಗದು ಪುರಾಣ ನಡೀತದೇನು ನೋಡು."

"ಸೆಲ್ ತಗದ್ರ ರಿಮೋಟ್ ಹ್ಯಾಂಗ ನಡೀತದವಾ?"

"ರಿಮೋಟ್ ನಡೀಬಾರದು ಅಂತನ ಹೇಳಾಕತ್ತೇನಿ. ಪುರಾಣ ಹಚ್ಚು, ಆಮ್ಯಾಲ ಸೆಲ್ ತಗಿ."

ಹಾಗೆ ಮಾಡಿದೆ. ಪುರಾಣ ಮಾಯವಾಗದೆ ನಡೆಯಿತು! ಶರಣರ ಮುಖ ಸರಿಯಾಗಿ ಕಾಣಿಸಿತು. ಆದರೆ ಅವ್ವನಿಗೆ ಕಿವಿ ಮಂದ. ವೈರು ಕಿತ್ತು ಹಾಕಿದ ಮೇಲೆ ಇಳಿದಿದ್ದ ಶಬ್ದ ಅವಳಿಗೆ ಏನೇನೂ ಸಾಲದು. ದನಿ ಏರಿಸುವ ಗುಂಡಿಯೂ ಅದೇ ರಿಮೋಟಿನಲ್ಲಿ. ಟಿವಿಯದೇ ರಿಮೋಟ್ ಹಾಳಾಗಿ ಎಷ್ಟೋ ಕಾಲವಾಯಿತು, ಟಿವಿಯ ಹಿಂದಿನ ಗುಂಡಿಯೂ ಒಳಗೆ ಹೋಗಿತ್ತು. "ಮೂಕರ ಪುರಾಣ ಆತಲ್ಲೋ ತಮ್ಮಾ," ಎಂದಳು ಅವ್ವ.

ರೋಗ ಪೆಟ್ಟಿಗೆಯದಲ್ಲ, ರಿಮೋಟಿನದು ಎಂದಾದರೂ ತಿಳಿಯಿತು. ಜಗುಲಿಗೆ ಹೋಗಿ ರಿಮೋಟಿನ ಅಂಚಿಗೆ ಸ್ಕ್ರೂಡ್ರೈವರ್ ಹಾಕಿ ಬಿಚ್ಚಿದೆ. ಒಳಗೆ ಬೆಳ್ಳಗೆ ಕಂಡಿತು. ಮೊದಲು ಸೆಲ್ ಸೋರಿದೆ ಎಂದುಕೊಂಡೆ. ಉಗುರಿನಿಂದ ಕೆರೆದು ಮೂಸಿದೆ. ವಿಭೂತಿ!

ಹಿಂದೆ ಬಂದ ಹೆಂಡತಿ ಹೇಳಿದಳು: ಅವ್ವ ದಿನಾ ಮೈತೊಳೆದು ಹಣೆಗೆ ಮೂರು ಬೆರಳು ಎಳೆದುಕೊಂಡು, ಅದೇ ಒದ್ದೆ ಬೆರಳಿನಿಂದ ರಿಮೋಟಿಗೂ ಎಳೆಯುತ್ತಿದ್ದಳಂತೆ. ಪುರಾಣದ ಗ್ರಂಥಕ್ಕೆ ಹಚ್ಚಿದ ಹಾಗೆ. ತಿಂಗಳಿಡೀ ಹಚ್ಚಿದ್ದು ಶ್ರಾವಣದ ತಂಪಿಗೆ ಒಳಗಿಳಿದು, ಗಾರೆಯಾಗಿ, ಮನೆಯ ಚಿತ್ರವಿರುವ ಗುಂಡಿಯನ್ನು ಒತ್ತಿ ಹಿಡಿದಿತ್ತು. ಅದಕ್ಕೇ ಟಿವಿ ಮತ್ತೆ ಮತ್ತೆ ಮೊದಲ ಪುಟಕ್ಕೆ ಓಡುತ್ತಿತ್ತು. ನಗು ಬರಬೇಕಿತ್ತು. ಬರಲಿಲ್ಲ. ದಸರೆಯ ಖಂಡೆ ಪೂಜೆಗೆ ನಟ್ಟು ಬಿಚ್ಚುವ ನನ್ನ ಪಾನಾಗಳಿಗೆ ನಾನೂ ವಿಭೂತಿ ಹಚ್ಚುತ್ತೇನೆ. ಅವು ಕಬ್ಬಿಣ, ತಡೆದುಕೊಳ್ಳುತ್ತವೆ.

"ಅತ್ತಿ ಮುಂದ ಹೇಳಬ್ಯಾಡ್ರಿ," ಎಂದಳು ಹೆಂಡತಿ ದನಿ ತಗ್ಗಿಸಿ. "ತನ್ನಿಂದನ ಮಂಗಲ ತಪ್ಪಿತು ಅಂತ ತಿಳಕೊಂಡ್ರ ನಾಳಿನೂ ಉಣ್ಣಂಗಿಲ್ಲ ಅಕಿ."

ಅವಳ ತಲೆಯ ಪಿನ್ನು ಇಸಿದುಕೊಂಡು ಕೆರೆಯತೊಡಗಿದೆ. ಬೋರಿನ ಪೈಪು ಹಿಡಿದ ಬೆರಳು ಅಷ್ಟು ಸಣ್ಣ ಕೆಲಸಕ್ಕೆ ಬಗ್ಗಲಿಲ್ಲ. ನಿದ್ದೆಗೆ ಕಣ್ಣು ಮುಚ್ಚಿ ಬರುತ್ತಿತ್ತು. ನಡುವೆ ಫೋನು ಹೊಡೆದುಕೊಂಡಿತು. ಯಾವುದೋ ಹೊಲದಲ್ಲಿ ಸ್ಟಾರ್ಟರ್ ಹಿಡಿಯುತ್ತಿಲ್ಲವಂತೆ. ನಾಳೆ ಬರುತ್ತೇನೆ ಎಂದು ಇಟ್ಟೆ.

ಒಳಗಿನಿಂದ ಅವ್ವ ಕೂಗಿದಳು. "ಏನಾಗಿತ್ತೋ ಅದಕ?"

"ಧೂಳ ಕುಂತಿತ್ತಬೇ."

"ಧೂಳ? ಏನಬೇ, ದಿನಾ ಕಸಾ ಹೊಡೀತಿ, ಇದೊಂದು ವರಸಾಕ ಆಗಲಿಲ್ಲ ನಿನಗ?"

ಬೈಗುಳ ನೇರ ಹೆಂಡತಿಗೆ ಬಿತ್ತು. ಅವಳು ನನ್ನ ಮುಖ ನೋಡಿದಳು. "ಹೌದ್ರಿ ಅತ್ತಿ, ಮರತಿದ್ದೆ," ಎಂದಳು.

ರಿಮೋಟ್ ಜೋಡಿಸಿ ಸೆಲ್ ಹಾಕಿ ಹಿಡಿದರೆ ಪೆಟ್ಟಿಗೆ ಅದರ ಗುರುತೇ ಮರೆತಂತೆ ಮಾಡಿತು. ಮತ್ತೆ ಫೋನ್ ಹಚ್ಚಿದೆ, ಮಗಳು ಹೇಳುತ್ತ ಹೋದಳು. ಮನೆಯ ಗುಂಡಿ ಒತ್ತಿ ಹಿಡಿ, ಬಿಡಬೇಡ, ಈಗ ಬಿಡು. ಗುರುತು ಹಿಡಿಯಿತು. ಆಮೇಲೆ ಏನೋ ಹೊಸದು ಇಳಿಸಿಕೊಳ್ಳುತ್ತೇನೆ, ಕಾಯಿರಿ ಎಂದು ಪರದೆಯ ಮೇಲೆ ಗೆರೆಯೊಂದು ತೆವಳತೊಡಗಿತು. ಅತ್ತ ಮಠದಲ್ಲಿ ಮಂಗಲ ನಡೆಯುತ್ತಿತ್ತು, ಇತ್ತ ನಾವು ಮೂವರು ಒಂದು ಗೆರೆ ನೋಡುತ್ತ ಕೂತಿದ್ದೆವು.

ಕಡೆಗೂ ಮಂಟಪ ಬಂತು. ಶರಣರ ಪೀಠ ಖಾಲಿ. ಹೂ ಚೆಲ್ಲಾಡಿತ್ತು. ಜನ ಎದ್ದು ಚಾಪೆ ಝಾಡಿಸುತ್ತಿದ್ದರು.

"ಮೊದಲಿಂದ ಹಚ್ಚಲೇನಬೇ? ರೆಕಾರ್ಡ್ ಇರ್ತದ," ಎಂದೆ.

"ಮುಗದ ಮ್ಯಾಲ ಕೇಳಿದ್ರ ಅದು ಪುರಾಣಲ್ಲೋ, ಸುದ್ದಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಅವ್ವ ಗೋಡೆ ಕಡೆ ಮುಖ ಮಾಡಿದಳು.

ಟಿವಿ ಆರಿಸಬೇಕೆಂದು ರಿಮೋಟ್ ಎತ್ತಿದೆ. ಯಾವ ಗುಂಡಿ ಎಂದು ಹುಡುಕುವಾಗ ದನಿಯ ಗುಂಡಿ ಒತ್ತಿ ಶಬ್ದ ಜೋರಾಯಿತು. ಮಠದವರು ಮೈಕು ಬಂದ್ ಮಾಡಿರಲಿಲ್ಲ. ಬಡಿಸುವ ಗಡಿಬಿಡಿಯಲ್ಲಿದ್ದ ಯಾವನೋ ಒಬ್ಬ ಒಡೆದ ಗಂಟಲಲ್ಲಿ ಒದರುತ್ತಿದ್ದ.

"ತಾಯಂದ್ರೆಲ್ಲಾ ಮೊದಲ ಪಂಗ್ತಿಗಿ ಬರ್ರಿ! ಯಾರೂ ಹಂಗ ಹೋಗಬ್ಯಾಡ್ರಿ, ಪ್ರಸಾದ ತಗೊಂಡ ಹೋಗ್ರಿ! ಹಿಂದ ಕುಂತೋರು ಬರ್ರಿ!"

ಅವ್ವ ಇತ್ತ ಹೊರಳಿದಳು. ಮತ್ತೊಮ್ಮೆ ಕೇಳಿಸಿಕೊಂಡಳು. ಸೆರಗು ಸರಿ ಮಾಡಿಕೊಂಡು, ನೆಲ ಹಿಡಿದು ಕೂರುವವಳ ಹಾಗೆ ಮಂಚದ ಮೇಲೆಯೇ ನೆಟ್ಟಗೆ ಕೂತಳು.

"ಏನ್ ನಿಂತೀಯಬೇ," ಎಂದಳು ಸೊಸೆಗೆ. "ಕರ್ಯಾಕತ್ತಾರ, ಕೇಳಸವಲ್ದೇನು? ತಾಟ ಹಚ್ಚು."