ಸೆರಗಿನ ಮರೆಯ ನಾಲ್ಕು ಹಲ್ಲು

ಕೋವಿಡ್ ಗದ್ದಲ ಅಡಗಿದ ಮರುವರ್ಷದ ಮಾತು. ಆಗ ನಾನು ಕಮಲಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ದಂತವೈದ್ಯೆ. ಕಲಬುರಗಿಯ ಐವಾನ್-ಎ-ಶಾಹಿಯಲ್ಲಿದ್ದ ಮನೆಯಿಂದ ದಿನಾ ಬಸ್ ಹಿಡಿದು ಹೋಗಿಬರುತ್ತಿದ್ದೆ. ಕಾಯುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಬಸ್ಸು ಐದು ನಿಮಿಷ ತಡವಾದರೆ ನಿಲ್ದಾಣದಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತೇನೆ. ರೋಗಿ ಬಾಯಿ ತೆರೆಯಲು ಸತಾಯಿಸಿದರಂತೂ ನನ್ನ ದನಿ ತಾನಾಗಿಯೇ ಏರುತ್ತದೆ.

ಒಂದು ದಿನ ಒಪಿಡಿ ಮುಗಿಯುವ ಹೊತ್ತಿಗೆ ಮಹಾದೇವಿ ಎಂಬ ಹೆಣ್ಣುಮಗಳು ಬಂದಳು. ತೋರಿಸಿಕೊಳ್ಳಲು ಬಂದವಳಲ್ಲ.

"ನಮ್ಮ ಅತ್ತಿ ಬಾಯಿ ಭಾಳ ನಾರ್ತದ್ರೀ ಮೇಡಮ್. ಮುಕ್ಕಳಿಸೂ ಔಷಧಿ ಏನರೆ ಇದ್ರ ಕೊಡ್ರಿ."

ಅತ್ತೆಯ ಹೆಸರು ಶರಣಮ್ಮ ಎಂದಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯವರು. ಕೆಲವು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ನಿಂತಿತ್ತು. ಅಂಥವರಿಗೆ ನುಂಗುವ ಶಕ್ತಿ ಕುಂದಿರುತ್ತದೆ, ಮುಕ್ಕಳಿಸಲು ಕೊಟ್ಟರೆ ಔಷಧಿ ಶ್ವಾಸಕೋಶಕ್ಕೇ ಇಳಿಯಬಹುದು. ಹಾಗಾಗಿ ಬಾಟಲಿ ಕೊಟ್ಟು ಕಳಿಸದೆ ಇನ್ನಷ್ಟು ಕೇಳಿದೆ. ಲಕ್ವಾ ಆದಮೇಲೆ ಮೂರು ಸಲ ನ್ಯುಮೋನಿಯಾ ಆಗಿ ಕಲಬುರಗಿಯಲ್ಲಿ ಅಡ್ಮಿಟ್ ಮಾಡಿದ್ದರಂತೆ.

"ಇನ್ನೊಮ್ಮೆ ಹಿಂಗಾದ್ರ ನಮ್ಮ ಕೈಯಾಗಿಲ್ಲ ಅಂದಾರ್ರೀ ಡಾಕ್ಟರ್ರು. ನಿನ್ನಿಯಿಂದ ಮತ್ತ ಕೆಮ್ಮು ಚಾಲೂ ಆಗ್ಯದ."

"ಬಾಯಿ ಯಾರು ತೊಳೀತೀರಿ?"

"ತೆರದ್ರಲ್ಲೇನ್ರೀ ತೊಳಿಯೂದು? ಚಮಚ ಹೋಗೂವಷ್ಟೇ ತೆರೀತಾರ. ಕೈ ಹಚ್ಚಿದ್ರ ಹಲ್ಲು ಕಚ್ಚಿ ಹಿಡೀತಾರ."

ತೊಳೆಯದ ಬಾಯಿಯಲ್ಲಿ ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆಯುತ್ತವೆ. ನುಂಗಲಾರದವರಲ್ಲಿ ಆ ಎಂಜಲು ನಿದ್ದೆಯಲ್ಲಿ ಹನಿಹನಿಯಾಗಿ ಶ್ವಾಸಕೋಶಕ್ಕೆ ಜಾರುತ್ತದೆ. ಇದಕ್ಕೆ ಆಸ್ಪಿರೇಷನ್ ನ್ಯುಮೋನಿಯಾ ಎನ್ನುತ್ತೇವೆ. ಶ್ವಾಸಕೋಶಕ್ಕೆ ಎಷ್ಟು ಔಷಧಿ ಸುರಿದರೂ ಬಾಯಿ ಹಾಗೇ ಇದ್ದರೆ ರೋಗ ತಿರುಗಿ ಬರುತ್ತದೆ. ಚೀಲಕ್ಕೆ ಕನ್ನಡಿ, ಗ್ಲೌಸು, ಟಾರ್ಚು ತುಂಬಿಕೊಂಡು ಅವಳ ಹಿಂದೆಯೇ ಹೊರಟೆ.

ಮನೆಯ ತುಂಬ ಜನ. ನೋಡಲು ಬಂದ ಬೀಗರು, ಓಣಿಯವರು ಮಂಚದ ಸುತ್ತ ಕೂತಿದ್ದರು. ಮಗ ಶಿವಶರಣಪ್ಪ ಕಲಬುರಗಿಯ ನೆಹರು ಗಂಜಿನ ತೊಗರಿ ಅಂಗಡಿ ಬಿಟ್ಟು ಬಂದು ತಾಯಿಯ ತಲೆದೆಸೆಯಲ್ಲಿ ನಿಂತಿದ್ದರು. ಬಟ್ಟಲಿನಲ್ಲಿ ಕಿವುಚಿದ ಕೆಂಪು ಬಾಳೆಹಣ್ಣು ಇತ್ತು. ಕಮಲಾಪುರದಲ್ಲಿ ಕೂಸಿಗೂ ಅದೇ, ಹಾಸಿಗೆ ಹಿಡಿದವರಿಗೂ ಅದೇ.

ನಾನು ಬಾಯಿಗೆ ಕೈ ಒಯ್ದದ್ದೇ ತಡ, ಶರಣಮ್ಮ ದವಡೆ ಬಿಗಿದರು. ರಮಿಸಿದೆ, ಗದರಿದೆ. ಊಹೂಂ, ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಮಗ ಕೈ ಹಿಡಿಯಲು ಹೋದರು, ಅದಕ್ಕೆ ಇನ್ನಷ್ಟು ಬಿಗಿದರು.

"ಅವ್ವಗ ಬದಕೂ ಮನಸೇ ಇಲ್ಲ ಅನಸ್ತದ್ರೀ," ಎಂದರು ಶಿವಶರಣಪ್ಪ. ಅವರ ಕಣ್ಣು ತುಂಬಿತ್ತು.

ನನ್ನ ತಲೆ ಕೆಟ್ಟಿತ್ತು. ಬಸ್ಸಿನ ಹೊತ್ತು ಬೇರೆ ಮೀರುತ್ತಿತ್ತು. ಕೈಬಿಟ್ಟು ಏಳಬೇಕು ಎನ್ನುವಾಗ ಶರಣಮ್ಮನ ಎಡಗೈ ಕಂಡಿತು. ಆ ಕೈ ನನ್ನನ್ನು ದೂಡುತ್ತಿರಲಿಲ್ಲ, ಸೆರಗೆಳೆದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅವರ ಕಣ್ಣು ನನ್ನ ಮೇಲೂ ಇರಲಿಲ್ಲ, ಸುತ್ತ ಕೂತವರ ಮೇಲಿತ್ತು.

ಎಲ್ಲರನ್ನೂ ಹೊರಗೆ ಕಳಿಸಿದೆ, ಮಗನನ್ನೂ ಸೊಸೆಯನ್ನೂ. ಬಾಗಿಲು ಹಾಕಿ ಚಿಲಕ ಜಡಿದು ಬಂದು ಕೂತೆ. "ಶರಣಮ್ಮಾರ, ಈಗ ನೀವು ನಾನು ಇಬ್ಬರೇ ಅದೀವಿ," ಎಂದೆ. ಅವರು ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ ಬಾಯಿ ತೆರೆದರು.

ಮೇಲಿನ ಮುಂದಿನ ನಾಲ್ಕೂ ಹಲ್ಲು ಕಟ್ಟಿಸಿದವು. ತಂತಿ ಸಿಕ್ಕಿಸಿದ ಗುಲಾಬಿ ಬಣ್ಣದ ಪ್ಲೇಟು. ಲಕ್ವಾ ಹೊಡೆದ ದಿನದಿಂದ ಅದನ್ನು ಯಾರೂ ತೆಗೆದಿರಲಿಲ್ಲ, ಯಾಕೆಂದರೆ ಅದು ಇರುವುದೇ ಯಾರಿಗೂ ಗೊತ್ತಿರಲಿಲ್ಲ. ಒಂದು ತಂತಿ ಸಡಿಲಾಗಿತ್ತು, ಜಾರಿ ಗಂಟಲಿಗೆ ಸಿಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಎಚ್ಚರದಿಂದ ಬಿಡಿಸಿದೆ. ಕೆಳಗೆ ಕೊಳೆತ ಬಾಳೆಹಣ್ಣು, ಫಂಗಸ್ಸಿನ ಬಿಳಿ ಪದರ, ಕೆಂಪಗೆ ಹುಣ್ಣಾದ ಅಂಗುಳ. ಹಿಂದಿನ ಎರಡು ಹಲ್ಲು ಅಲುಗಾಡುತ್ತಿದ್ದವು. ರಕ್ತ ತೆಳುವಾಗುವ ಗುಳಿಗೆ ನುಂಗುತ್ತಿದ್ದವರಾದ್ದರಿಂದ ಅವನ್ನು ಅಂದು ಮುಟ್ಟಲಿಲ್ಲ.

ಒರೆಸಿ ಮುಗಿಸುವಷ್ಟರಲ್ಲಿ ಅವರ ಎಡಗೈ ಪ್ಲೇಟಿಗಾಗಿ ತಡಕಾಡತೊಡಗಿತು. ನನಗೆ ಸಂಕಟವಾಯಿತು. ಹೇಳಿದರೆ ಅವರು ಇಷ್ಟು ವರ್ಷ ಕಾಪಾಡಿಕೊಂಡ ಗುಟ್ಟು ಬಯಲಾಗುತ್ತದೆ, ಹೇಳದಿದ್ದರೆ ನಾಳೆ ಬಾಯಿ ತೊಳೆಯುವವರು ಯಾರು?

"ಸೊಸಿಗೊಬ್ಬಾಕಿಗೇ ಹೇಳ್ಲೇನ್ರಿ?" ಎಂದೆ. ಹೊರಗೆ ಯಾರೋ ಬಾಗಿಲು ಬಡಿದರು. ಕೊನೆಗೆ ಶರಣಮ್ಮ ಹೂಂ ಎಂಬಂತೆ ತಲೆಯಾಡಿಸಿದರು.

ಒಳಗೆ ಬಂದ ಮಹಾದೇವಿ ಪ್ಲೇಟು ನೋಡಿ ನಗಲಿಲ್ಲ, ಹೇಸಲಿಲ್ಲ. ಅತ್ತೆಯ ಪಕ್ಕದಲ್ಲಿ ಕೂತಳು. "ಅದಕೇ ಎಲ್ಲಾರದು ಆದಮ್ಯಾಲೆ ಒಬ್ರೇ ಉಣ್ಣತಿದ್ರೇನ್ರಿ? ನಗೂವಾಗ ಸೆರಗ ಹಿಡೀತಿದ್ರೇನ್ರಿ? ನನಗ ಹೇಳಿದ್ರ ನಾ ತೊಳದು ಕೊಡ್ತಿದ್ದಿಲ್ಲೇನ್ರಿ ಅತ್ತಿ?" ಎಂದಳು. ಶರಣಮ್ಮ ಅತ್ತರು. ನನಗೂ ತಡೆಯಲಾಗಲಿಲ್ಲ, ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

ಅವಳಿಗೆ ಎಲ್ಲ ತೋರಿಸಿಕೊಟ್ಟೆ. ತಲೆಯೆತ್ತರಿಸಿ, ಒಂದು ಪಕ್ಕಕ್ಕೆ ಹೊರಳಿಸಿ, ಮಕ್ಕಳ ಮೆತ್ತನೆಯ ಬ್ರಷ್ಷಿನಿಂದ ಉಜ್ಜಬೇಕು. ನೀರು ಹೊಯ್ಯಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಉಣಿಸಿದ ಮೇಲೂ ಬಾಯಿ ನೋಡಬೇಕು, ಅರ್ಧ ಗಂಟೆ ಮಲಗಿಸಬಾರದು. ಫಂಗಸ್ಸಿಗೆ ಹಚ್ಚುವ ಔಷಧಿ ಕೊಟ್ಟೆ. ಕಲಬುರಗಿಯ ಡಾಕ್ಟರಿಗೆ ಫೋನ್ ಮಾಡಿ ಬಾಯಿಯ ಸೋಂಕಿನ ವಿಷಯ ತಿಳಿಸಿದೆ. ಅಲ್ಲಿಗೆ ಕರೆದೊಯ್ದಾಗ ಅವರು ಎದೆ ಪರೀಕ್ಷಿಸಿ ಔಷಧಿ ಶುರು ಮಾಡಿದರು.

ಆ ವಾರ ನನಗೆ ಅನ್ನ ರುಚಿಸಲಿಲ್ಲ. ಶರಣಮ್ಮನ ಜ್ವರ ಏರಿತು, ಇಳಿಯಿತು, ಮತ್ತೆ ಏರಿತು. ಫೋನು ರಿಂಗಾದರೆ ಕೈಲಿದ್ದ ಕೆಲಸ ಬಿಟ್ಟು ಎತ್ತುತ್ತಿದ್ದೆ. ವಾರದ ಕೊನೆಗೆ ಮಹಾದೇವಿ ಫೋನಿನಲ್ಲಿ "ಅತ್ತಿ ರಾತ್ರಿ ಕೆಮ್ಮಲಿಲ್ಲರಿ" ಎಂದಾಗ ಬಸ್ಸಿನಲ್ಲಿ ಸೀಟು ಸಿಗದೆ ನಿಂತಿದ್ದೆ, ಅದೂ ಬೇಸರವೆನ್ನಿಸಲಿಲ್ಲ. ಮುಂದೆ ಆ ಡಾಕ್ಟರರ ಸಲಹೆಯಂತೆ ಸಕ್ಕರೆ ಹತೋಟಿಗೆ ಬಂದಮೇಲೆ ಅಲುಗಾಡುವ ಹಲ್ಲುಗಳನ್ನು ಒಂದೊಂದಾಗಿ ಕಿತ್ತೆವು. ಪ್ಲೇಟಿನ ತಂತಿ ಬಿಗಿಮಾಡಿಸಿಕೊಟ್ಟೆ. ಮಲಗುವಾಗಲೂ ಉಣ್ಣುವಾಗಲೂ ತೆಗೆದಿಡಬೇಕೆಂದು ಕರಾರು.

ಮಾತು ಚೂರುಚೂರಾಗಿ ಮರಳಿದ ಮೇಲೆ ಶರಣಮ್ಮನೇ ಹೇಳಿದರು. ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆಯಿಂದ ಹಲ್ಲು ಉದುರಿದ್ದವು. ತಂಗಿಯ ಮನೆಗೆಂದು ಹೇಳಿ ಕಲಬುರಗಿಯ ಶಹಾಬಜಾರಿಗೆ ಹೋಗಿ ಕಟ್ಟಿಸಿಕೊಂಡಿದ್ದರು. "ಗಂಡ ಸತ್ತಾಕಿ... ಹಲ್ಲು ಕಟ್ಟಿಸ್ಯಾಳ... ಅಂತಿದ್ರು ಮಂದಿ."

ಸಹಕರಿಸುವುದಿಲ್ಲ ಎಂದು ರೋಗಿಯ ಮೇಲೆ ಷರಾ ಬರೆಯುವುದನ್ನು ಅಂದಿಗೆ ಬಿಟ್ಟೆ. ಈಗ ಮೊದಲು ಬಾಗಿಲು ಹಾಕುತ್ತೇನೆ, ಆಮೇಲೆ ಬಾಯಿ ತೆರೆಯಿರಿ ಎನ್ನುತ್ತೇನೆ. ಆದರೂ ನೆಮ್ಮದಿಯಿಲ್ಲ. ಯಾರದೇ ಮನೆಯಲ್ಲಿ ಹಾಸಿಗೆ ಹಿಡಿದವರನ್ನು ಕಂಡರೂ ಅವರ ಮುಚ್ಚಿದ ಬಾಯಿಯತ್ತಲೇ ನನ್ನ ಕಣ್ಣು ಹೋಗುತ್ತದೆ.

ವರ್ಗವಾಗಿ ಕಮಲಾಪುರ ಬಿಡುವ ದಿನ ಹೇಳಿಹೋಗಲು ಅವರ ಮನೆಗೆ ಹೋದೆ. ಕೋಣೆಯ ಬಾಗಿಲು ಹಾಕಿತ್ತು. ಒಳಗಿನಿಂದ ಮಹಾದೇವಿ, "ಜರಾ ತಡೀರಿ ಮೇಡಮ್, ಈಗ ತೆರೀತೀನಿ," ಎಂದಳು. ಬಸ್ಸಿಗೆ ಹೊತ್ತಾಗಿತ್ತು. ಅಂಗಳದಲ್ಲಿ ಸುಮ್ಮನೆ ನಿಂತೆ. ಬಾಗಿಲು ತೆರೆದಾಗ ಶರಣಮ್ಮ ದಿಂಬಿಗೊರಗಿ ಕೂತಿದ್ದರು. ನನ್ನನ್ನು ಕಂಡು ನಕ್ಕರು. ಸೆರಗು ಹೆಗಲ ಮೇಲೆಯೇ ಇತ್ತು.