ಬೆಂಚಿನ ಮೇಲೆ ಬಾರಿಸಿದ ಎದೆಬಡಿತ

ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದಾಗ ನಾನು ತಂಬ್ರಹಳ್ಳಿ ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಎಎನ್‌ಎಂ ಆಗಿದ್ದೆ. ಬಸುರಿಯರ ತಪಾಸಣೆ, ಹೆರಿಗೆ, ಚುಚ್ಚುಮದ್ದು ಎಲ್ಲ ನನ್ನ ತಲೆಯ ಮೇಲೆ. ಊರವರು ಎದುರಿಗೆ ನರ್ಸಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರೋ, ಅದನ್ನು ಮೊಮ್ಮಗಳು ಮೊನ್ನೆ ಕಲಿಸಿದ ಈ ಫೋನಿನ ಕೀಬೋರ್ಡಿನಲ್ಲಿ ಹೊಡೆಯಲು ನನಗಿನ್ನೂ ಬರುವುದಿಲ್ಲ.

ತರಬೇತಿಯಲ್ಲಿ ನಮ್ಮ ಟ್ಯೂಟರ್ ಮೊದಲೇ ಒಂದು ಅಭ್ಯಾಸ ಹಚ್ಚಿದ್ದರು. ಕೂಸಿನ ಎದೆಬಡಿತ ಕೇಳುವ ಕೊಳವೆಗೆ ಫೀಟೋಸ್ಕೋಪ್ ಎನ್ನುತ್ತಾರೆ. ಅದನ್ನು ಹೊಟ್ಟೆಯ ಮೇಲಿಟ್ಟು ಕಿವಿ ಕೊಟ್ಟಾಗ ನಮ್ಮ ಎಡಗೈ ತಾಯಿಯ ಮಣಿಕಟ್ಟಿನ ನಾಡಿಯ ಮೇಲಿರಬೇಕು. ಕೂಸಿನ ಬಡಿತ ನಿಮಿಷಕ್ಕೆ ನೂರಿಪ್ಪತ್ತರ ಮೇಲೆ, ತಾಯಿಯದು ಎಂಬತ್ತರ ಆಸುಪಾಸು. ಆದರೆ ಜ್ವರ ಬಂದರೆ ತಾಯಿಯ ನಾಡಿಯೂ ಓಡುತ್ತದೆ. ಆಗ ಅವಳ ರಕ್ತದ ಸದ್ದೇ ಕೊಳವೆಯಲ್ಲಿ ಕೂಸಿನಂತೆ ಕೇಳುತ್ತದೆ. “ಎರಡೂ ಬ್ಯಾರೆ ಬ್ಯಾರೆ ಸಿಕ್ಕ ಮ್ಯಾಲ ನಗ್ರಿ. ಅಲ್ಲೀತನ ನಿಮ್ಮ ಹಲ್ಲು ಕಾಣಬಾರದು” ಎನ್ನುತ್ತಿದ್ದರು.

ನನಗೋ ನಗುವ ಚಟ. ಕೊಳವೆಯ ಸದ್ದು ಕಿವಿ ಇಟ್ಟವಳಿಗೆ ಕೇಳುತ್ತದೆ, ಹೊತ್ತವಳಿಗೆ ಕೇಳುವುದಿಲ್ಲ. ಇದು ಅನ್ಯಾಯ ಅನ್ನಿಸಿ ನಾನೊಂದು ಆಟ ಹೂಡಿದ್ದೆ. ನಾಡಿ ನೋಡಿ ಮುಗಿದ ಮೇಲೆ, ಕೂಸಿನ ಬಡಿತ ಕೇಳುತ್ತ ಕೇಳುತ್ತ ಅದೇ ಲಯವನ್ನು ಎಡಗೈಯಿಂದ ಬೆಂಚಿನ ಮೇಲೆ ಬಾರಿಸುವುದು. ಅಂಜಿ ಕೂತ ಹುಡುಗಿಯರ ಭುಜ ಸಡಿಲಾಗುತ್ತಿತ್ತು. ಭಯ ಕಳೆದರೆ ಅರ್ಧ ಹೆರಿಗೆ ಆದಂತೆ ಎಂದು ನಾನು ನಂಬಿದ್ದೆ.

ಹುಲಿಗೆಮ್ಮ ಕುರಿ ಸಾಕುವವರ ಮನೆಯ ಸೊಸೆ. ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಎಂಟು ತಿಂಗಳು ತುಂಬಿತ್ತು. ಒಂದು ಮಧ್ಯಾಹ್ನ ಅತ್ತೆ ಮಾಳವ್ವನ ಜೊತೆ ಬಿಸಿಲಲ್ಲಿ ನಡೆದು ಬಂದಳು.

“ನಿನ್ನಿಯಿಂದ ಒದ್ದಿಲ್ರಿ” ಎಂದು ನೆಲ ನೋಡುತ್ತ ಹೇಳಿದಳು.

“ಬಿಸಲಿಗೆ ಅದೂ ಮಕ್ಕೊಂಡೈತಿ ಬಿಡು. ನಮ್ಮ ಕಾಲಕ್ಕ ಒದ್ದದ್ದು ಎಣಿಸಾಕ ಪುರಸೊತ್ತರ ಎಲ್ಲಿತ್ತು” ಎಂದಳು ಮಾಳವ್ವ.

ಕೊಳವೆಯಲ್ಲದೆ ಬಡಿತ ಕೇಳಲು ಇದ್ದ ಡಾಪ್ಲರ್ ಯಂತ್ರ ರಿಪೇರಿಗೆ ಹೋಗಿತ್ತು. ಹುಲಿಗೆಮ್ಮನ ಮೈ ಕಾದಿತ್ತು. ಬಿಸಿಲಿಗೆ ಅಂದುಕೊಂಡೆ. ನನಗೂ ಒಳಗೆ ಅಂಜಿಕೆ ಇತ್ತು. ಕೊಳವೆ ಇಟ್ಟೆ. ಸದ್ದು ಸಿಕ್ಕಿತು, ನಿಮಿಷಕ್ಕೆ ನೂರಿಪ್ಪತ್ತೆಂಟು. ಆ ಖುಷಿಗೆ ನನ್ನ ಎಡಗೈ ಮಣಿಕಟ್ಟಿಗೆ ಹೋಗಲೇ ಇಲ್ಲ, ನೇರ ಬೆಂಚಿಗೆ ಹೋಯಿತು.

“ಡೊಳ್ಳು ಹೊಡದಂಗ ಹೊಡಿತೈತಲ್ಲ ನನ್ನ ಮೊಮ್ಮಗ” ಎಂದಳು ಮಾಳವ್ವ. ಹುಲಿಗೆಮ್ಮ ಅಳುತ್ತಲೇ ನಕ್ಕಳು. ತಾಯಿ ಕಾರ್ಡಿನಲ್ಲಿ ನೂರಿಪ್ಪತ್ತೆಂಟು ಎಂದು ಬರೆದು ಕಳಿಸಿದೆ.

ಮೂರನೆಯ ದಿನ ನೋವು ಶುರುವಾಗಿ ಅವಳನ್ನು ತಾಲ್ಲೂಕು ಆಸ್ಪತ್ರೆಗೆ ಒಯ್ದರು. ಸುದ್ದಿ ಕೇಳಿ ನಾನೂ ಹೋದೆ. ಸ್ಕ್ಯಾನಿನಲ್ಲಿ ಬಡಿತ ಇರಲಿಲ್ಲ. ಕೂಸಿನ ತಲೆಯ ಎಲುಬುಗಳು ಒಂದರ ಮೇಲೊಂದು ಸರಿದಿವೆ, ಜೀವ ಹೋಗಿ ನಾಲ್ಕೈದು ದಿನವಾದರೂ ಆಗಿದೆ ಎಂದು ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅವತ್ತೇ ಕಳಿಸಿದ್ದರೂ ಉಳಿಯುತ್ತಿರಲಿಲ್ಲ ಎಂದು ಸಮಾಧಾನವನ್ನೂ ಹೇಳಿದರು. ನಾನು ಬೆರಳು ಮಡಿಚಿ ದಿನ ಎಣಿಸುತ್ತಿದ್ದೆ.

ಹೆರಿಗೆ ಕೋಣೆಯಲ್ಲಿ ಅವಳ ಪಕ್ಕದಲ್ಲೇ ನಿಂತೆ. ಕೂಸು ಇಲ್ಲ ಎಂಬುದನ್ನು ಆಗಲೇ ಅವಳಿಗೆ ಹೇಳಿದ್ದರು. ಒಂದು ನೋವು ಇಳಿದಾಗ ನನ್ನ ಕಡೆ ತಿರುಗಿ ಕೇಳಿದಳು.

“ಅವತ್ತು ಬೆಂಚಿನ ಮ್ಯಾಲ ಬಡದ್ರಲ್ಲ ನರ್ಸಮ್ಮ, ಅದು ಯಾರದು?”

ಅವತ್ತು ಇತ್ತು, ಆಮೇಲೆ ಹೋಯಿತು ಎನ್ನಬಹುದಿತ್ತು. ಬಾಯಿಗೂ ಬಂದಿತ್ತು.

“ನಿಂದವ್ವ. ನಿನ್ನ ಎದಿನೇ ಬಡಿತಿತ್ತು. ನಾ ನಾಡಿ ನೋಡ್ಲಿಲ್ಲ.”

ಇನ್ನೊಂದು ನೋವು ಬಂದು ಹೋದ ಮೇಲೆ ಕೇಳಿದಳು.

“ಹಂಗಾರ ಮೂರು ದಿನ ನಾ ಯಾರ ಕೂಡ ಮಾತಾಡೀನ್ರಿ?”

ನಾನು ಅವಳ ಹಣೆಯ ಬೆವರು ಒರೆಸಿದೆ.

ಹೆಣ್ಣು ಕೂಸು. ಸತ್ತ ಕೂಸನ್ನು ತಾಯಿಗೆ ತೋರಿಸದೆ ಒಯ್ಯುವುದು ಅವರ ಮನೆಯ ಪದ್ಧತಿ. ಮಾಳವ್ವನನ್ನು ಒಪ್ಪಿಸಿ, ಮೈ ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ನೋಡುತ್ತೀಯಾ ಎಂದು ಕೇಳಿದೆ. ಅವಳು ಗೋಡೆಯ ಕಡೆ ಮುಖ ಮಾಡಿದಳು.

“ನೀವಾ ನೋಡ್ರಿ. ಚೆಂದಗ ನೋಡ್ರಿ.”

ನೋಡಿದೆ.

ಮುಂದಿನ ಬಸುರಿಗೆ ಅವಳು ನಮ್ಮ ಬಾಗಿಲು ದಾಟಿ ಕೊಟ್ಟೂರಿನ ಆಸ್ಪತ್ರೆಗೆ ಹೋದಳು ಎಂದು ಕೇಳಿದೆ. ಆ ಕೂಸು ಏನಾಯಿತು ಎಂದು ವಿಚಾರಿಸುವ ಮುಖ ನನಗಿರಲಿಲ್ಲ. ಬೆಂಚು ಬಾರಿಸುವುದನ್ನು ಅವತ್ತೇ ಬಿಟ್ಟೆ.

ಈಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ನನ್ನ ಹಳೆಯ ತಮಾಷೆ ಕೇಳಲು ಬರುತ್ತಾರೆ. ನಗಿಸುತ್ತೇನೆ. ಕೊನೆಗೆ ಇದನ್ನೂ ಹೇಳುತ್ತೇನೆ. ಅಂಜಿದವಳಿಗೆ ಧೈರ್ಯ ಹೇಳುವ ಅವಸರ ನಮಗೇ ಅಂಜಿಕೆಯಾದಾಗ ಹೆಚ್ಚು, ಆಗಲೇ ಕೈ ತಪ್ಪುತ್ತದೆ. ಇಷ್ಟು ಕಲಿಯಲು ಹುಲಿಗೆಮ್ಮನ ಮೂರು ದಿನ ಬೇಕಾದವು, ಅವನ್ನು ನಾನು ತಿರುಗಿ ಕೊಡಲಾರೆ.

ಎರಡೂ ಕೈಯಿಂದ ಟೈಪ್ ಮಾಡಜ್ಜಿ, ಬೇಗ ಆಗುತ್ತದೆ ಎಂದು ಮೊಮ್ಮಗಳು ರೇಗುತ್ತಾಳೆ. ಫೋನನ್ನು ತೊಡೆಯ ಮೇಲಿಟ್ಟು ಬಲಗೈಯ ಒಂದೇ ಬೆರಳಿನಿಂದ ಹೊಡೆಯುತ್ತೇನೆ. ಎಡಗೈ ತನ್ನಷ್ಟಕ್ಕೆ ತಾನೇ ಬಲ ಮಣಿಕಟ್ಟಿನ ನಾಡಿ ಹಿಡಿದಿರುತ್ತದೆ.